ಬಡಿಯುವ ಸೊಸೆ

ಮುಂಜಾನೆ ಐದಕ್ಕೆ ನೀಲವ್ವ ಒಲೆಯ ಮೇಲೆ ಎಸರಿಟ್ಟರೆ, ನೀರು ಕುದಿಯುವಷ್ಟರಲ್ಲಿ ಅವಳ ಅತ್ತೆ ದಾನವ್ವ ಅಡುಗೆಮನೆಯ ಬಾಗಿಲಿಗೆ ಬಂದು ತನ್ನ ಗಿಡ್ಡ ಕುರ್ಚಿಯ ಮೇಲೆ ಕೂತಿರುತ್ತಿದ್ದಳು. ಅವಳ ಕಣ್ಣು ಹೋಗಿ ನಾಲ್ಕು ವರ್ಷ, ಲಕ್ವಾ ಹೊಡೆದು ಬಲಗೈ ಬಿದ್ದು ಎರಡು ವರ್ಷ. ಆದರೂ ಹಾಸಿಗೆಯಿಂದ ಆ ಕುರ್ಚಿಯ ತನಕದ ಹನ್ನೊಂದು ಹೆಜ್ಜೆಗೆ ಅವಳಿಗೆ ಯಾರ ಕೈಯೂ ಬೇಡ. ಗೋಡೆ ಸವರಿಕೊಂಡು ಬಂದು, ಕೂತು, ಸೆರಗು ಹೊದ್ದು, "ಹೂಂ, ನಡೀಲಿ" ಅಂದಳೆಂದರೆ ಆ ಮನೆಯ ದಿನ ಶುರುವಾಯಿತು.

ಕಣ್ಣಿನ ಕೆಲಸವನ್ನು ಈಗ ಅವಳ ಕಿವಿ ಮಾಡುತ್ತಿತ್ತು. ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಉಂಡೆಯನ್ನು ಮಣೆಯ ಮೇಲಿಟ್ಟು ನೀಲವ್ವ ಮೊದಲ ಪೆಟ್ಟು ಹಾಕಿದಾಗ ಬರುವುದು ಮೊಂಡು ಸದ್ದು, ಧಬ್ ಧಬ್. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾದ ಹಾಗೆ ಸದ್ದು ಹಗುರಾಗಿ ಪಟ ಪಟ ಅನ್ನುತ್ತದೆ. ಎಲ್ಲಿ ದಪ್ಪ ಉಳಿದಿದೆ, ಎಲ್ಲಿ ತೆಳುವಾಯಿತು, ಅಂಚು ಎಲ್ಲಿ ಬಿರಿಯಲಿದೆ, ಎಲ್ಲವೂ ದಾನವ್ವನಿಗೆ ಕೂತಲ್ಲೇ ಗೊತ್ತು.

"ಅಂಚ ಬಡಿ, ಅಂಚ. ನಡುವ ಬಿಡು."

"ಹೂಂ ಅತ್ತಿ."

"ಹೆದರಿ ಹೆದರಿ ಯಾಕ ಬಡೀತಿ? ಜೋರ್ಲೆ ಬಡಿ. ಇನ್ನೂ ಬಡಿ... ಸಾಕ ಸಾಕ, ಹರದೀತು. ಇನ್ನ ಸುಡು."

ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಹಾಕಿದರೆ ರೊಟ್ಟಿ ಉಸಿರು ತೆಗೆದುಕೊಂಡ ಹಾಗೆ ಉಬ್ಬುತ್ತದೆ. ಆ ಮೊದಲನೆಯ ರೊಟ್ಟಿ ಯಾವಾಗಲೂ ದಾನವ್ವನದು. ಹಲ್ಲಿಲ್ಲದ ಬಾಯಿ. ಅದಕ್ಕೆ ನೀಲವ್ವ ಉಬ್ಬಿದ ರೊಟ್ಟಿಯ ಮೇಲಿನ ಪದರ ತೆಗೆದು, ಒಳಗಿನ ಮೆತ್ತನೆಯ ಪದರಕ್ಕೆ ಬೆಣ್ಣೆ ಸವರಿ, ಸುರುಳಿ ಸುತ್ತಿ ಅತ್ತೆಯ ಎಡಗೈಯಲ್ಲಿಡುತ್ತಿದ್ದಳು. ಹಂಚಿನಿಂದ ಇಳಿದ ರೊಟ್ಟಿ ಆರಿತೆಂದರೆ ಮುಗಿಯಿತು, ಆ ಬಾಯಿಗೆ ಅದು ಅಟ್ಟದ ಹಲಗೆ. ಹಾಗಾಗಿ ಅವಳ ಊಟ ಹಂಚಿನ ಪಕ್ಕದಲ್ಲೇ, ಮುಂಜಾನೆ ಒಂದು, ಸಂಜೆ ಒಂದು.

ಈ ವಿದ್ಯೆ ನೀಲವ್ವ ತವರಿನಿಂದ ತಂದದ್ದಲ್ಲ. ಅವಳು ಶಿರಾಳಕೊಪ್ಪದ ಕಡೆಯವಳು, ಅಲ್ಲಿ ಅಕ್ಕಿರೊಟ್ಟಿ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಬಡಿದ ರೊಟ್ಟಿಗಳನ್ನು ನೋಡಿ ಓಣಿಯ ಹೆಂಗಸರು, "ಇದೇನ ದಾನವ್ವಾ, ನಿನ್ನ ಸೊಸಿ ದೇಶದ ನಕಾಶಿ ತಗದಾಳಲ್ಲ" ಎಂದು ನಕ್ಕಿದ್ದರು. ದಾನವ್ವ ನಗಲಿಲ್ಲ. ಸೊಸೆಯ ಕೈಯ ಮೇಲೆ ತನ್ನ ಕೈ ಇಟ್ಟು ಒಂದು ಇಡೀ ಚಳಿಗಾಲ ಬಡಿಸಿದಳು. ಹದಿನೆಂಟು ವರ್ಷವಾಯಿತು. ಈಗ ಆ ಕೈ ಎತ್ತಲಾರದೆ ಮಡಿಲಲ್ಲಿ ಬಿದ್ದಿದೆ, ಆದರೆ ನೀಲವ್ವನಿಗೆ ಬಡಿಯುವಾಗೆಲ್ಲ ಅದು ತನ್ನ ಕೈಯ ಮೇಲೇ ಇದೆ ಅನ್ನಿಸುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗಿನ ಮಂದಾರ ಅಪಾರ್ಟ್‌ಮೆಂಟಿಗೆ ಅವರು ಬಂದದ್ದು ಕಳೆದ ವರ್ಷ. ನೀಲವ್ವನ ಗಂಡ ಗದಿಗೆಪ್ಪ ಅಚ್ಚುಕೂಟದಲ್ಲಿ ಮೊದಲ ಪಾಳಿಯವನು, ಆರೂವರೆಗೆ ಬುತ್ತಿ ಹಿಡಿದು ಹೊರಡಬೇಕು. ಮಗಳು ಚೇತನಾ ಒಂಬತ್ತನೇ ಇಯತ್ತೆ, ಏಳಕ್ಕೆ ಅವಳ ಡಬ್ಬಿ. ಅಡುಗೆಮನೆಯ ಗೋಡೆಗೆ ಆ ಕಡೆ ಪಕ್ಕದ ಮನೆಯ ಮಲಗುವ ಕೋಣೆ. ಅಲ್ಲಿ ಐದು ತಿಂಗಳಿಂದ ಸುಕನ್ಯಾ ಎಂಬ ಹುಡುಗಿ ಇದ್ದಳು, ಮೈಸೂರಿನ ಕಡೆಯವಳು. ಅವಳ ಗಂಡ ಪ್ರತಿ ಸೋಮವಾರ ಮುಂಜಾನೆ ಬಳ್ಳಾರಿಯ ಕೆಲಸಕ್ಕೆ ಹೋದರೆ ಬರುವುದು ಶುಕ್ರವಾರ. ದಾರಿಯಲ್ಲಿ ತಿನ್ನಲಿ ಎಂದು ನೀಲವ್ವ ಸೋಮವಾರಕ್ಕೊಮ್ಮೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಬದನೆಕಾಯಿ ಎಣ್ಣೆಗಾಯಿಯೊಂದಿಗೆ ಸ್ಟೀಲಿನ ಡಬ್ಬಿಯಲ್ಲಿಟ್ಟು ಆ ಬಾಗಿಲಿಗೆ ಮುಟ್ಟಿಸುತ್ತಿದ್ದಳು. ಹೊಸಬರು, ಊರು ಹೊಸದು, ನೋಡುವವರು ಯಾರಿದ್ದಾರೆ ಎಂಬ ಕನಿಕರ. ಸುಕನ್ಯಾಳೂ ಸಂಸ್ಕಾರದ ಹುಡುಗಿ. ಡಬ್ಬಿಯನ್ನು ಬರಿದಾಗಿ ಕೊಟ್ಟವಳಲ್ಲ. ಒಮ್ಮೆ ಕೋಡುಬಳೆ, ಒಮ್ಮೆ ಪುಳಿಯೋಗರೆ ಗೊಜ್ಜು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ.

ಗುರುವಾರ ನೀಲವ್ವ ಅತ್ತೆಯನ್ನು ಹೊರಗೆ ಎಳೆಬಿಸಿಲಿಗೆ ಕೂರಿಸಿ ತರಕಾರಿಗೆ ಹೋಗಿ ಬಂದಾಗ ದಾನವ್ವ ಹೇಳಿದ್ದಳು, "ಬಾಜೂ ಮನಿ ಹುಡಿಗಿ ಭಾಳ ಛಲೋ ಐತವಾ. ನನ್ನ ಕೈ ಹಿಡಕೊಂಡು ಮಾತಾಡಿಸ್ತು, ಆಮ್ಯಾಲೆ ಅಳಾಕತ್ತು."

"ಯಾಕಂತ ಅತ್ತಿ?"

"ಯಾರಿಗ್ಗೊತ್ತು. ತಾಯಿ ನೆನಪಾತೇನೋ ಪಾಪ."

ಪಾಪ ಎಂದು ನೀಲವ್ವನೂ ಅಂದಳು. ಸೋಮವಾರದ ಡಬ್ಬಿಗೆ ಒಂದಿಷ್ಟು ಶೇಂಗಾ ಹಿಂಡಿಯನ್ನೂ ಹಾಕಬೇಕು ಅಂದುಕೊಂಡಳು.

ಭಾನುವಾರ ಬಂತು. ಗದಿಗೆಪ್ಪನಿಗೆ ರಜೆ, ಅವತ್ತು ಒಲೆ ಹೊತ್ತಿದ್ದೂ ತಡವಾಗಿ. ಏಳು ಗಂಟೆಯ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು. ನೋಡಿದರೆ ಗದಗಿನಿಂದ ಗದಿಗೆಪ್ಪನ ಅಕ್ಕ ಕಸ್ತೂರಿ. ಫೋನಿಲ್ಲ, ಸುದ್ದಿಯಿಲ್ಲ, ಕೈಯಲ್ಲಿ ಮಡಚಿದ ದೊಡ್ಡ ಬರಿದು ಚೀಲ. ನೀಲವ್ವ ಹಿಟ್ಟಿನ ಕೈಯಲ್ಲೇ ನಕ್ಕು, "ಬರ್ರಿ ಅಕ್ಕಾರ, ಬರ್ರಿ. ಬಿಸಿ ರೊಟ್ಟಿ ಟೈಮಿಗೆ ಬಂದ್ರಿ ನೋಡ್ರಿ. ಎಳೀ ಬದನಿಕಾಯಿ ಎಣ್ಣಿಗಾಯಿ ಮಾಡೀನಿ" ಅಂದಳು.

"ನನಗೇನೂ ಬ್ಯಾಡ" ಅಂದಳು ಕಸ್ತೂರಿ.

ಅವಳು ನೆಟ್ಟಗೆ ಕುರ್ಚಿಯ ಹತ್ತಿರ ಹೋಗಿ, ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿದಳು. ಸಂತೆಯಲ್ಲಿ ಬದನೆಕಾಯಿಗೆ ಹುಳು ಹತ್ತಿದೆಯೇ ಎಂದು ನೋಡುವ ಹಾಗೆ. ಎಡ ಮುಂಗೈಯ ಮೇಲಿದ್ದ ಹಳೆಯ ಸುಟ್ಟ ಕಲೆಯ ಮೇಲೆ ಬೆರಳಿಟ್ಟಳು. ಆ ಕಲೆ ಕಸ್ತೂರಿ ಸಾಲೆಗೆ ಹೋಗುತ್ತಿದ್ದ ಕಾಲದ್ದು, ಅವಳಿಗೇ ರೊಟ್ಟಿ ಬಡಿಯುವಾಗ ಹಂಚು ತಾಗಿ ಆದದ್ದು. ಅದು ಆ ಕ್ಷಣ ಅವಳಿಗೆ ನೆನಪಾಗಲಿಲ್ಲ.

"ಯಾರದು? ಕಸ್ತೂರಿ ಏನು?" ದಾನವ್ವ ಮಗಳ ಮುಖ ಸವರಿದಳು. "ಯಾಕ ತಂಗಿ, ಹಿಂಗ ಒಮ್ಮಿಂದೊಮ್ಮೆಲೆ?"

"ನಿನ್ನ ಕರ್ಕೊಂಡ ಹೋಗಾಕ ಬಂದೀನಿ ಯವ್ವಾ. ಕಾರ ಕೆಳಗ ನಿಂತೈತಿ."

ನೀಲವ್ವನಿಗೆ ಏನೂ ತಿಳಿಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದ ಮೇಲೆ ಓಡಿ ಹೋಗಿ ಒಲೆ ಆರಿಸಿ ಬಂದಳು. "ಯಾಕ್ರಿ ಅಕ್ಕಾರ? ಏನಾತು?"

"ಏನಾತು ಅಂತ ನನ್ನ ಕೇಳ್ತಿ?" ಕಸ್ತೂರಿ ಎದ್ದು ನಿಂತಳು. "ನಮ್ಮವ್ವ ನಿನಗೇನ ಅನ್ಯಾಯ ಮಾಡಿದ್ಲು? ಬ್ಯಾಡಾದ್ರ ಬ್ಯಾಡ ಅಂತ ಒಂದ ಮಾತ ಹೇಳಬೇಕಿತ್ತು. ನಾ ಸತ್ತಿದ್ನೇನು?"

ಅಷ್ಟರಲ್ಲಿ ತೆರೆದೇ ಇದ್ದ ಬಾಗಿಲಲ್ಲಿ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಪಟ್ಟಣಶೆಟ್ಟರು ಕಾಣಿಸಿಕೊಂಡರು. ಅವರ ಬೆನ್ನ ಹಿಂದೆ, ಅರ್ಧ ಮುಖ ಮಾತ್ರ ಕಾಣುವಂತೆ, ಸುಕನ್ಯಾ. ಶೆಟ್ಟರ ಕೈಯಲ್ಲಿ ಒಂದು ಹಾಳೆ.

"ಗದಿಗೆಪ್ಪಾರ, ತಪ್ಪ ತಿಳೀಬ್ಯಾಡ್ರಿ" ಎಂದು ಅವರು ಗಂಟಲು ಸರಿ ಮಾಡಿಕೊಂಡರು. "ಕಂಪ್ಲೇಂಟ ಬಂದಾಗ ನಾವು ಸುಮ್ಮನ ಕುಂದ್ರಾಕ ಆಗೂದಿಲ್ಲ. ನೀವು ಮನಿಗೆ ಬಂದಾಗ ಫಾರ್ಮಿನ್ಯಾಗ ಅಕ್ಕಾರ ನಂಬರ್ ಬರದಿದ್ರಲ್ಲ, ತುರ್ತಿಗೆ ಅಂತ. ಅದಕ್ಕ ಅವರಿಗೇ ಮೊದಲ ಹೇಳಿದೆ."

ಆ ನಂಬರನ್ನು ಬರೆದವಳು ನೀಲವ್ವನೇ. ತವರಿನ ನಂಬರು ಬರೆಯಬಹುದಿತ್ತು. ಅತ್ತೆಗೆ ಏನಾದರೂ ಆದರೆ ಮಗಳಿಗೇ ಮೊದಲು ತಿಳಿಯಲಿ ಎಂದು, ನೆನಪಿಟ್ಟು, ಚಂದ ಅಕ್ಷರದಲ್ಲಿ ಬರೆದಿದ್ದಳು.

"ಏನ ಕಂಪ್ಲೇಂಟ್ರಿ?" ಗದಿಗೆಪ್ಪ ಕೇಳಿದ.

ಶೆಟ್ಟರು ಹಾಳೆಯನ್ನು ಚಾಚಿದರು. ಅದನ್ನು ಯಾರೂ ಹಿಡಿಯದಿದ್ದಾಗ, ಒಳಕೋಣೆಯಿಂದ ಎದ್ದು ಬಂದಿದ್ದ ಚೇತನಾ ತೆಗೆದುಕೊಂಡು ಓದಿದಳು. ಪಾಠ ಓದುವ ಹಾಗೆ ಜೋರಾಗಿ ಶುರು ಮಾಡಿದ ಧ್ವನಿ ಮೂರನೆಯ ಸಾಲಿಗೆ ನಡುಗತೊಡಗಿತು.

"ಮುನ್ನೂರ ಎರಡನೇ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಐದರಿಂದ ಆರರವರೆಗೆ ಹೊಡೆಯುವ ಶಬ್ದ ಕೇಳಿಬರುತ್ತದೆ. ಕಣ್ಣು ಕಾಣದ ವಯಸ್ಸಾದ ಅತ್ತೆಯನ್ನು ಸೊಸೆ ಹೊಡೆಯುತ್ತಿದ್ದಾರೆ. ಆ ತಾಯಿ ನೊಂದು, ಹೊಡಿ, ಇನ್ನೂ ಹೊಡಿ, ಸುಡು ಎಂದು ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕೈ ಮೇಲೆ ಸುಟ್ಟ ಗಾಯವಿದೆ. ಅವರನ್ನು ಕೇಳಿದಾಗ ಅವರೂ ಒಪ್ಪಿಕೊಂಡಿದ್ದಾರೆ..."

ಚೇತನಾ ಹಾಳೆಯನ್ನು ಕೆಳಗಿಳಿಸಿದಳು.

ಆಗ ಗದಿಗೆಪ್ಪ ಹೆಂಡತಿಯ ಮುಖ ನೋಡಿದ. ಒಂದೇ ಗಳಿಗೆ. ಕೇಳಬಾರದ್ದನ್ನು ಕೇಳುವ ನೋಟ ಅದು. ಅಷ್ಟೇ ಬೇಗ ಅವನು ಕಣ್ಣು ಕೆಳಗೆ ಹಾಕಿದ, ಆದರೆ ನೀಲವ್ವ ನೋಡಿಯಾಗಿತ್ತು. ಹಂಚು ತಾಗಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

"ನಾನು... ಅತ್ತೀನ?" ಅಂದಳು.

"ಅಜ್ಜಿನೇ ಹೇಳಿದ್ರು ಕಣ್ರೀ" ಎಂದು ಸುಕನ್ಯಾ ಶೆಟ್ಟರ ಹಿಂದಿನಿಂದ ಬಂದಳು. ಅವಳ ಕಣ್ಣು ಊದಿದ್ದವು. "ನಾನು ಬೇಕೂಂತ ಬರೆದಿಲ್ಲ. ದಿನಾ ಬೆಳಗ್ಗೆ ಒಬ್ಳೇ ಮಲಗಿರ್ತೀನಿ, ಗೋಡೆ ಆಚೆಯಿಂದ ಧಬ್ ಧಬ್ ಅಂತ... ನಂಗೆ ಎದೆ ಹೊಡ್ಕೊಳ್ಳೋದು. ಗುರುವಾರ ಅಜ್ಜೀನೇ ಕೇಳ್ದೆ, ಬೆಳಗ್ಗೆ ಏನಜ್ಜಿ ಶಬ್ದ ಅಂತ. 'ಸೊಸಿ ಬಡೀತಾಳವಾ, ದಿನಾ ಐದಕ್ಕ' ಅಂದ್ರು. 'ಮೊದಲ ನಾ ಬಡೀತಿದ್ದೆ, ಈಗ ಆಕಿ ಬಡೀತಾಳ' ಅಂದ್ರು. ಕೈ ಮೇಲಿನ ಕಲೆ ಮುಟ್ಟಿ ಇದೇನಜ್ಜಿ ಅಂದ್ರೆ, 'ಬಡಿಯೋ ಮನ್ಯಾಗ ಸುಡೋದು ಇದ್ದದ್ದವಾ' ಅಂತ ನಗ್ತಾರೆ! ಆ ನಗು ನೋಡಿ ನಂಗೆ ತಡ್ಕೊಳಕ್ಕಾಗ್ಲಿಲ್ಲ."

ಕಸ್ತೂರಿ ಬಾಯಿ ತೆರೆದವಳು ಹಾಗೆಯೇ ನಿಂತಳು. ಅವಳು ಈ ಮಣ್ಣಿನಲ್ಲೇ ಹುಟ್ಟಿದವಳು, ಆ ಮಾತುಗಳು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಎಲ್ಲವೂ ತಿಳಿಯಿತು. ಆದರೂ ನಾಲಗೆ ತಾನಾಗಿ ಕೇಳಿತು, "ಯವ್ವಾ, ಹೇಳು... ನೀಲವ್ವ ಏನ ಬಡೀತಾಳ?"

"ಏನ ಬಡೀತಾಳ ಅಂದ್ರ?" ದಾನವ್ವ ಕತ್ತು ಹೊರಳಿಸಿದಳು. "ರೊಟ್ಟಿ ಬಡೀತಾಳ! ಮತ್ತೇನ ನನ್ನ ಬಡೀತಾಳೇನು?"

ಮೊದಲು ನಕ್ಕವರು ಪಟ್ಟಣಶೆಟ್ಟರು. ಹೊಟ್ಟೆ ಕುಣಿಸಿ ಕುಣಿಸಿ ನಕ್ಕರು. "ಅಯ್ಯ ನನ್ನಪ್ಪಾ! ರೊಟ್ಟಿ! ನಾನೂ ಓದಿದೆನಲ್ಲ, ನನಗೂ ಹೊಳೀಲಿಲ್ಲ ನೋಡ್ರಿ. ಆಕಿ 'ಹೊಡಿ' ಅಂತ ಬರದಾಳ, 'ಬಡಿ' ಅಂತ ಬರದಿದ್ರ ಅಲ್ಲೇ ತಿಳೀತಿತ್ತು!" ಕಸ್ತೂರಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಗದಿಗೆಪ್ಪ ಉಸಿರು ಬಿಟ್ಟು ನಕ್ಕ. ಸುಕನ್ಯಾ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ ದೇವ್ರೇ, ರೊಟ್ಟೀನ ಬಡೀತಾರಾ? ನಾವು ತಟ್ಟೋದು ಅಂತೀವಿ. ನೀವು ಚಪಾತಿ ಥರ ಲಟ್ಟಿಸ್ತೀರಾ ಅಂದ್ಕೊಂಡಿದ್ದೆ" ಎಂದು ಅಳುತ್ತಲೇ ನಗತೊಡಗಿದಳು. ಕಾಗದದ ಪುಸ್ತಕದ ಮಾತು ತಲೆಗೆ ಹತ್ತದ ದಾನವ್ವನಿಗೆ ಯಾಕೆ ಎಂದು ಗೊತ್ತಾಗದಿದ್ದರೂ ಎಲ್ಲರೂ ನಗುತ್ತಿದ್ದಾರೆಂದು ಅವಳೂ ಬೊಚ್ಚುಬಾಯಿ ಅಗಲಿಸಿದಳು.

ನೀಲವ್ವ ನಗಲಿಲ್ಲ. ಅವಳ ಬೆರಳುಗಳ ನಡುವೆ ಹಿಟ್ಟು ಒಣಗಿ ಬಿಳಿಯ ಗೆರೆಗಳಾಗಿದ್ದವು. ಅವನ್ನು ಒಂದೊಂದಾಗಿ ಕೆರೆದು ತೆಗೆಯುತ್ತ ಎಲ್ಲರ ನಗು ಮುಗಿಯುವ ತನಕ ನಿಂತಳು.

"ಮುಗೀತೇನ್ರಿ ನಗೂದು?" ಅಂದಳು ಆಮೇಲೆ.

ಅವಳ ಧ್ವನಿ ಏರಿರಲಿಲ್ಲ. ಅದಕ್ಕೇ ಇರಬೇಕು, ಎಲ್ಲರೂ ಸುಮ್ಮನಾದರು.

"ಶೆಟ್ಟರ, ನಿಮಗ ನಗಿ ಬಂತು. ಬರಲಿ. ಈ ಕಾಗದಾ ಯಾರ್ಯಾರ ಓದ್ಯಾರ?"

"ಅದು... ಕಮಿಟಿಯವರ ಐದ ಮಂದಿ. ಗ್ರೂಪಿನ್ಯಾಗ ಹಾಕಿಲ್ಲ ಬಿಡ್ರಿ."

"ಐದ ಮಂದಿ ಹೆಂಡಿರು ಐದ. ಅವರ ಅಕ್ಕ ತಂಗಿ ಎಷ್ಟೋ. ನಾಳೆ ನಾ ಲಿಫ್ಟಿನ್ಯಾಗ ನಿಂತ್ರ, ಅತ್ತೀನ ಬಡಿಯಾಕಿ ಇಕೀನ ಅಂತ ನೋಡ್ತಾರ. ಅವರಿಗೆಲ್ಲ ನೀವು ಮನಿಮನಿಗೆ ಹೋಗಿ, ರೊಟ್ಟಿರೀ, ರೊಟ್ಟಿ ಅಂತ ಹೇಳಿ ಬರ್ತೀರೇನು?"

"ಅಲ್ರಿ ನೀಲವ್ವಾರ, ತಿಳುವಳಿಕಿ ತಪ್ಪಾತು, ಮುಗೀತಲ್ಲ..."

"ನಿಮಗ ಮುಗೀತು." ಅವಳು ಸುಕನ್ಯಾಳ ಕಡೆ ತಿರುಗಿದಳು. "ಐದ ತಿಂಗಳಾತಲ್ರಿ ನೀವು ಬಂದು. ಸ್ವಾಮಾರಕ್ಕೊಮ್ಮೆ ನಿಮ್ಮ ಯಜಮಾನ್ರ ಕೈಯಾಗ ಬಿಸಿ ರೊಟ್ಟಿ ಇಟ್ಟೀನಿ. ಅವು ಮುಗಲಿನಿಂದ ಬಿದ್ದೂ ಅಂತ ತಿಳದಿದ್ರೇನು? ಐದಕ್ಕ ಸಪ್ಪಳ, ಆರಕ್ಕ ರೊಟ್ಟಿ. ಒಂದ ದಿನಾನೂ ತಲಿಗೆ ಬರಲಿಲ್ಲ?"

"ಬರ್ಲಿಲ್ಲ" ಅಂದಳು ಸುಕನ್ಯಾ ಸಣ್ಣಗೆ.

"ಬರಲಿಲ್ಲ. ಆತು. ನಿಮ್ಮ ಊರಿನ ಮಾತು ಬ್ಯಾರೆ, ಅದಕ್ಕ ನಾ ಏನೂ ಅನ್ನೂದಿಲ್ಲ. ಮುದುಕೀನ ಬಡಿಯಾಕತ್ತಾರ ಅಂತ ನಿಮಗ ಸಂಕಟಾತು, ಅದೂ ಖರೇನ. ಆದ್ರ ನನ್ನ ಬಾಗಲಾ ನಿಮ್ಮ ಬಾಗಲದಿಂದ ನಾಕ ಹೆಜ್ಜಿ. ಖರೇನ ನಮ್ಮತ್ತೀಗೆ ಪೆಟ್ಟ ಬೀಳಾಕತ್ತಿದ್ರ, ಕಾಗದಾ ಬರಕೋತ ಮೂರ ದಿನ ಕೂಡ್ತಿದ್ರೇನು? ಓಡಿ ಬಂದು ಬಾಗಲಾ ಬಡೀತಿರಲಿಲ್ಲ? ನಾ ರೊಟ್ಟಿ ಬಡದೆ ಅಂತ ಇಷ್ಟೆಲ್ಲ ಆತು. ನೀವು ಒಮ್ಮೆ ನನ್ನ ಬಾಗಲಾ ಬಡದಿದ್ರ ಏನೂ ಆಗತಿರಲಿಲ್ಲ."

ಸುಕನ್ಯಾ ತಲೆ ತಗ್ಗಿಸಿದಳು. ಪಟ್ಟಣಶೆಟ್ಟರಿಗೆ ಈ ಮಾತು ಬೇಗ ಮುಗಿದರೆ ಸಾಕಾಗಿತ್ತು. ಅವರು ತಮಗೆ ತಿಳಿದ ರೀತಿಯಲ್ಲಿ ಮುಗಿಸಲು ನೋಡಿದರು.

"ಹೋಗಲಿ ಬಿಡ್ರಿ. ಇಷ್ಟ ಆದಮ್ಯಾಲೆ ನಮ್ಮದೊಂದ ಸಣ್ಣ ವಿನಂತಿ. ಸಪ್ಪಳ ಆಗೂದಂತೂ ಖರೇ ಅಲ್ರಿ? ಎಂಟರ ಮ್ಯಾಲೆ ಬಡದ್ರ ಯಾರಿಗೂ ತ್ರಾಸಿಲ್ಲ. ಇಲ್ಲಾಂದ್ರ ಲಟ್ಟಣಿಗಿಲೇ ಲಟ್ಟಿಸಿಬಿಡ್ರಿ, ಒಂದೀಟ ಗೋಧಿ ಹಿಟ್ಟ ಕೂಡಿಸಿದ್ರ ಬರ್ತೈತಿ. ಕಾಲ ಬದಲಾಗೇತಿ ನೋಡ್ರಿ."

ನೀಲವ್ವನಿಗೆ ಮೈಯೆಲ್ಲ ಬಿಸಿಯಾಯಿತು. ಇಲ್ಲಿಯ ತನಕ ಹಿಡಿದಿಟ್ಟದ್ದು ಈಗ ಕೈಮೀರಿತು.

"ನಿಮ್ಮ ಮನ್ಯಾಗ ರೊಟ್ಟಿ ತಿಂತೀರೇನ್ರಿ ಶೆಟ್ಟರ?"

"ತಿಂತೀವಿ ಮತ್ತ. ರೊಟ್ಟಿ ಇಲ್ದ ಊಟ ಹೆಂಗ? ನಮಗ ಖಾನಾವಳಿಯಿಂದ ಬರ್ತಾವು, ದಿನಾ ಎಂಟಕ್ಕ, ಬಿಸೀವು."

"ಎಂಟಕ್ಕ ನಿಮ್ಮ ತಾಟಿಗೆ ಬೀಳಬೇಕಂದ್ರ ಅಲ್ಲಿ ಬಡಿಯೋ ಅಕ್ಕಗೋಳು ಎಷ್ಟಕ್ಕ ಏಳ್ತಾರ? ಕೇಳೀರೇನು ಒಮ್ಮೆ? ಅವರ ಮನೀ ಬಾಜೂಕ ಯಾರೂ ಮಲಗಿರೂದಿಲ್ಲೇನು? ತಿನ್ನೂವಾಗ ರೊಟ್ಟಿ ಬೇಕು, ಬಡಿಯೂವಾಗ ಸಪ್ಪಳ ಬ್ಯಾಡ. ಮುಂಜಾನಿ ನಾಕಕ್ಕ ನಿಮ್ಮ ನೀರಿನ ಮೋಟರ್ ಗೊಂಯ್ ಅಂತೈತಿ, ಐದೂವರಿಗೆ ಮ್ಯಾಲಿನ ಮನಿಯವರು ವ್ಯಾಯಾಮ ಅಂತ ಧಡಲ್ ಧಡಲ್ ಜಿಗೀತಾರ. ಅವರಿಗೆ ಕಾಗದಾ ಬರದೀರೇನು? ಇಲ್ಲ. ಹೆಣ್ಮಕ್ಕಳು ಒಲೀ ಮುಂದ ಮಾಡಿದ್ದ ಅಷ್ಟ ಸಪ್ಪಳ ನಿಮಗ!"

"ನಾ ಹಂಗ ಅನ್ನಲಿಲ್ರಿ..."

"ಬಡದ್ರನ ಅದು ರೊಟ್ಟಿ. ಲಟ್ಟಿಸಿದ್ದು ಆ ಬಾಯಿಗೆ ಆಗೂದಿಲ್ಲ." ಅವಳು ಅತ್ತೆಯ ಕಡೆ ಕೈ ತೋರಿಸಿದಳು. "ಲಟ್ಟಿಸಿ ನೋಡೇನಿ. ಎರಡ ದಿನ ಗಂಟಲದಾಗ ಇಳೀಲಿಲ್ಲ, ನೀರ ಕುಡದ ಮಲಗಿದ್ಲು. ಎಂಟಕ್ಕ ಬಡೀರಿ ಅಂತೀರಿ. ಎಂಟಕ್ಕ ಬಡದ್ರ ನನ್ನ ಗಂಡನ ಬುತ್ತಿ ನೀವ ಒಯ್ದು ಕೊಡ್ತೀರೇನು?"

ಶೆಟ್ಟರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಬಾಗಿಲ ತನಕ ಹೋಗಿ ಚಪ್ಪಲಿ ಹುಡುಕತೊಡಗಿದಾಗ ನೀಲವ್ವ ಕೈ ಚಾಚಿದಳು. "ಅದನ್ನ ಇಲ್ಲೆ ಕೊಟ್ಟ ಹೋಗ್ರಿ."

ಅವರು ಕೊಟ್ಟರು. ಸುಕನ್ಯಾ ಅವರ ಹಿಂದೆ ಹೋದಳು.

ಈಗ ಮನೆಯವರಷ್ಟೇ ಉಳಿದರು. ಕಸ್ತೂರಿಯ ಬರಿದು ಚೀಲ ಕುರ್ಚಿಯ ಪಕ್ಕದಲ್ಲಿ ಬಾಯಿ ಬಿಟ್ಟು ಬಿದ್ದಿತ್ತು. ತಪ್ಪಾಯಿತು ಎನ್ನುವ ಮಾತು ಅವಳ ತುಟಿಯ ತನಕ ಬಂದಿತ್ತೋ ಏನೋ, ಹೊರಗೆ ಬಂದದ್ದು ಬೇರೆ.

"ಹೆಂಗೂ ಕಾರ ತಗೊಂಡ ಬಂದೀನಿ. ಅವ್ವ ಎಂಟ ದಿನ ನಮ್ಮನಿಗೆ ಬರಲಿ. ನಾಕ ಮಂದಿ ಕೇಳಿದ್ರ ನನಗೂ ಹೇಳಾಕ ಬರ್ತೈತಿ. ನೀಲವ್ವಾ, ನಿನಗೂ ಒಂಚೂರ ಆರಾಮ."

ನೀಲವ್ವನಿಗೆ ಇಕ್ಕಟ್ಟಾಯಿತು. ಬೇಡ ಎಂದು ತಾನು ಹೇಳಿದರೆ ಅದಕ್ಕೆ ಇನ್ನೊಂದು ಅರ್ಥ ಹುಟ್ಟುತ್ತದೆ. ಹೋಗಲಿ ಎಂದರೆ ಇಡೀ ಕಟ್ಟಡಕ್ಕೆ ಆ ಕಾಗದ ನಿಜವಾಗುತ್ತದೆ, ಹೊಡೆತ ತಾಳಲಾರದೆ ಮುದುಕಿಯನ್ನು ಮಗಳು ಒಯ್ದಳಂತೆ ಎಂದು. ಅವಳು ಗಂಡನ ಕಡೆ ನೋಡಿದಳು. ಗದಿಗೆಪ್ಪ ಗೋಡೆಯ ಪಂಚಾಂಗ ನೋಡುತ್ತಿದ್ದ.

ಮಾತಾಡಿದವಳು ದಾನವ್ವ. "ನಿನ್ನ ಮನ್ಯಾಗ ರೊಟ್ಟಿ ಯಾರ ಬಡೀತಾರ ಕಸ್ತೂರಿ?"

"ಈಗ ಯಾರ ಬಡೀತಾರ ಯವ್ವಾ, ತರಸ್ತೀವಿ. ಕಟಕ ರೊಟ್ಟಿ, ತಿಂಗಳಗಟ್ಲೆ ಇಟ್ರೂ ಕೆಡೂದಿಲ್ಲ."

"ಅವನ್ನ ಯಾವ ಹಲ್ಲೀಲೆ ತಿನ್ನಲಿ? ನಿನ್ನ ಹಲ್ಲ ಕೊಡ್ತೀಯೇನು?"

"ಹಾಲಿನ್ಯಾಗ ನೆನಸಿ ಕೊಡ್ತೀನಲ್ಲ."

"ಕೂಸಿಗೆ ಕೊಟ್ಟಂಗ." ದಾನವ್ವ ಎಡಗೈಯಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿದಳು, ಮಣೆಯ ಮೇಲೆ ರೊಟ್ಟಿ ತಿರುಗಿಸುವ ಹಾಗೆ. "ನನ್ನ ಕಣ್ಣ ಹೋತು, ಕೈ ಹೋತು. ಈಗ ಮುಂಜಾನೆ ಆತು ಅಂತ ನನಗ ಹೇಳೂದು ಆ ಸಪ್ಪಳ ಒಂದ. ಅದು ಕೇಳಿದ್ರ, ಇನ್ನೂ ಇದ್ದೀನವಾ ಅಂತ ಏಳ್ತೀನಿ. ನಿನ್ನ ಮನ್ಯಾಗ ಯಾರ ಎಬ್ಬಸ್ತಾರ ನನ್ನ? ಚೀಲ ಮಡಚಿಕೋ. ಉಂಡ ಹೋಗು. ನೀಲವ್ವಾ, ಹಿಟ್ಟ ಆರ್ತು ನೋಡು, ಮತ್ತೊಂದೀಟ ಎಸರ ಹಾಕಿ ನಾದು."

ಕಸ್ತೂರಿ ಉಂಡಳು. ಎಣ್ಣೆಗಾಯಿಯ ರುಚಿಗೆ ಎರಡು ರೊಟ್ಟಿ ಹೆಚ್ಚೇ ಹೋದವು. ಕೆನೆಮೊಸರು, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಯಾವುದಕ್ಕೂ ನೀಲವ್ವ ಕಡಿಮೆ ಮಾಡಲಿಲ್ಲ. ಬಡಿಸಿದಳು, ಬೇಕೇನ್ರಿ ಎಂದು ಕೇಳಿದಳು, ಅದರಾಚೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಕಸ್ತೂರಿ, "ಮನಸಿನ್ಯಾಗ ಇಟ್ಕೋಬ್ಯಾಡ ಮತ್ತ" ಅಂದಳು. ಅದಕ್ಕೂ ನೀಲವ್ವ ಕುಂಕುಮದ ಬಟ್ಟಲನ್ನಷ್ಟೇ ಮುಂದೆ ಹಿಡಿದಳು.

ಮಧ್ಯಾಹ್ನ ಪಾತ್ರೆ ತಿಕ್ಕುತ್ತಿದ್ದಾಗ ಗದಿಗೆಪ್ಪ ಹಿಂದೆ ಬಂದು ನಿಂತ. "ನಾ ನಂಬಿರಲಿಲ್ಲ ನೀಲಾ."

"ನಂಬಿರಲಿಲ್ಲ ಅಂದ್ರ ನನ್ನ ಮುಖ ಯಾಕ ನೋಡಿದ್ರಿ? ಶೆಟ್ಟರ ಮುಖ ನೋಡಬೇಕಿತ್ತು. ಅಕ್ಕಾರ ಮುಖ ನೋಡಬೇಕಿತ್ತು."

ಅವಳು ತೊಳೆದ ಪಾತ್ರೆಗಳನ್ನು ಒಂದೊಂದಾಗಿ ತೆಗೆದುಕೊಂಡು ಅವನು ಒರೆಸಿ ಇಟ್ಟ. ಮದುವೆಯಾದಾಗಿನಿಂದ ಮಾಡದ ಕೆಲಸ ಅದು. ನೀಲವ್ವ ಬೇಡ ಅನ್ನಲಿಲ್ಲ, ಹಿಗ್ಗಲೂ ಇಲ್ಲ.

ಸಂಜೆ ಸುಕನ್ಯಾ ಬಂದಳು. ಗಂಟೆ ಒತ್ತಿದಳು. ಅವಳ ಕೈಯಲ್ಲಿ ಕಳೆದ ಸೋಮವಾರ ನೀಲವ್ವ ಕೊಟ್ಟಿದ್ದ ಸ್ಟೀಲಿನ ಡಬ್ಬಿ ಇರಲಿಲ್ಲ, ತನ್ನ ಮನೆಯದೇ ಒಂದು ಹಿತ್ತಾಳೆಯ ಡಬ್ಬಿ ಇತ್ತು, ತುಂಬ ಮೈಸೂರುಪಾಕು. ತುಪ್ಪದ ವಾಸನೆ ಹೊಸ್ತಿಲು ದಾಟಿ ಒಳಗೆ ಬಂತು. "ನಾನೇ ಮಾಡ್ದೆ ನೀಲಮ್ಮ. ಅಜ್ಜಿಗೆ ಹಲ್ಲಿಲ್ವಲ್ಲ, ಅದಕ್ಕೆ ಮೆತ್ತಗೆ ಮಾಡಿದೀನಿ. ನನ್ನ ಕ್ಷಮಿಸ್ಬಿಡಿ."

ನೀಲವ್ವ ಡಬ್ಬಿ ತೆಗೆದುಕೊಂಡಳು. ಸಿಹಿಯನ್ನು ತಾಟಿಗೆ ಸುರಿದು, ಡಬ್ಬಿಯನ್ನು ತೊಳೆದು, ಒರೆಸಿ, ವಾಪಸು ತಂದುಕೊಟ್ಟಳು.

ಡಬ್ಬಿ ಬರಿದಾಗಿತ್ತು. ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಸುಕನ್ಯಾ ಅದರೊಳಗೆ ನೋಡಿದಳು, ನೀಲವ್ವನ ಮುಖ ನೋಡಿದಳು. ತಿಳಿಯದೆ ಇರುವಷ್ಟು ದೂರದ ಊರೇನಲ್ಲ ಅವಳದು. ಕಣ್ಣು ತುಂಬಿಕೊಂಡು ಹೋದಳು.

ಬಾಗಿಲು ಹಾಕಿದ ಮೇಲೆ ನೀಲವ್ವನಿಗೆ ಕೈ ಖಾಲಿ ಖಾಲಿ ಅನ್ನಿಸಿತು. ಹುಟ್ಟಿದಾಗಿನಿಂದ ಯಾರ ಪಾತ್ರೆಯನ್ನೂ ಅವಳು ಹಾಗೆ ಕೊಟ್ಟವಳಲ್ಲ. ಮಗಳು ಚೇತನಾ ನೋಡುತ್ತಿದ್ದಳು. "ಅವ್ವಾ, ಪಾಪ ಅಲ್ಲ ಆಕಿ?"

"ಪಾಪಾನ. ನಾನೂ ಪಾಪಾನ. ಹೋಗಿ ಅಭ್ಯಾಸ ಮಾಡ್ಕೋ."

ಮರುದಿನ ಸೋಮವಾರ. ಐದಕ್ಕೆ ಎಸರು ಕುದಿಯಿತು. ದಾನವ್ವ ಹನ್ನೊಂದು ಹೆಜ್ಜೆ ನಡೆದು ಬಂದು ಕೂತಳು. "ಹೂಂ, ನಡೀಲಿ."

ನೀಲವ್ವ ಬಡಿದಳು. ಗೋಡೆಯ ಆಚೆ ಯಾರು ಮಲಗಿದ್ದಾರೆಂದು ಗೊತ್ತಿದ್ದೇ ಬಡಿದಳು. ಮಣೆಯ ಕಾಲು ಅದುರಿತು, ಹಂಚಿನ ಚಮಚ ಕುಣಿದು ನೆಲಕ್ಕೆ ಬಿತ್ತು.

"ಅಂಚ ಹರೀತು ನೋಡು" ಅಂದಳು ದಾನವ್ವ. "ಸಿಟ್ಟು ಜೋಳದ ಮ್ಯಾಲೆ ಯಾಕವಾ? ಜೋಳ ಏನ ಮಾಡೇತಿ?"

"ಹೋಗವಲ್ತು ಅತ್ತಿ, ಸಿಟ್ಟು."

"ಹೋಗೂದು ಬ್ಯಾಡ. ಯಾರ ಹೋಗು ಅಂದ್ರು? ಇರಲಿ. ಕೈಯಾಗ ಬ್ಯಾಡ, ಅಷ್ಟ."

ಹರಿದ ರೊಟ್ಟಿಯನ್ನೇ ಸುಟ್ಟು, ಬೆಣ್ಣೆ ಸವರಿ ಕೊಟ್ಟರೆ ಮುದುಕಿ ಅದನ್ನೇ ಸುರುಳಿ ಮಾಡಿಸಿಕೊಂಡು ಚಪ್ಪರಿಸಿದಳು. ಎರಡು, ಮೂರು, ನಾಲ್ಕು. ಸದ್ದು ನಿಧಾನವಾಗಿ ಹದಕ್ಕೆ ಬಂತು. ಹತ್ತನೆಯದು ಹಂಚಿಗೆ ಬಿದ್ದ ಮೇಲೆ ನೀಲವ್ವ ಕೈ ತೊಳೆಯಲು ಎದ್ದಳು.

"ಹತ್ತಾದೂ. ಇವತ್ತ ಸ್ವಾಮಾರ. ಇನ್ನೆರಡ ಎಲ್ಲಿ?"

"ಇಲ್ಲ ಅತ್ತಿ. ಇವತ್ತ ಹತ್ತ."

"ಹಿಟ್ಟ ಉಳದೈತಿ. ನೀ ಬುಟ್ಟಿ ಸರಸಿದ ಸಪ್ಪಳದಾಗ ಗೊತ್ತಾತು."

ಹಿಟ್ಟು ನಿಜವಾಗಿಯೂ ಉಳಿದಿತ್ತು, ಸರಿಯಾಗಿ ಎರಡು ರೊಟ್ಟಿಗೆ. ಕೈ ತನ್ನ ರೂಢಿಯಂತೆ ಅಳೆದುಬಿಟ್ಟಿತ್ತು. ನೀಲವ್ವ ಆ ಮುದ್ದೆಯನ್ನು ನೋಡುತ್ತ ನಿಂತಳು. ಅದರ ಮೇಲೆ ಅವಳಿಗೆ ಬೇರೆಯದೇ ಒಂದು ಸಿಟ್ಟು ಬಂತು.

ಆಗ ಮುಂಬಾಗಿಲಲ್ಲಿ ಸದ್ದಾಯಿತು. ಅದು ಗಂಟೆಯ ಸದ್ದಲ್ಲ. ಯಾರೋ ಬೆರಳ ಗೆಣ್ಣಿನಿಂದ, ಹೆದರಿ ಹೆದರಿ, ಟಕ್ ಟಕ್ ಎಂದು ಬಡಿಯುತ್ತಿದ್ದರು. ಸ್ವಲ್ಪ ತಡೆದು ಮತ್ತೆ, ಈ ಸಲ ಇನ್ನೊಂದಿಷ್ಟು ಜೋರಾಗಿ.

ದಾನವ್ವ ಕಿವಿ ನಿಮಿರಿಸಿದಳು. "ಬಾಗಲಾ ಬಡಿಯಾಕತ್ತಾರ ನೋಡವಾ."

"ಬಡೀಲಿ" ಅಂದಳು ನೀಲವ್ವ. ಮಣೆಯ ಮುಂದೆ ಮತ್ತೆ ಕೂತು, ಉಳಿದ ಹಿಟ್ಟನ್ನು ಎರಡು ಭಾಗ ಮಾಡಿ, ಒಂದಕ್ಕೆ ಒಣಹಿಟ್ಟು ಹಚ್ಚಿದಳು. "ಇವೆರಡು ಮುಗೀಲಿ. ಆಮ್ಯಾಲೆ ತಗೀತೀನಿ."